ಆಪಾನ ದನಿಗೆ ನಾನು ಎಳೆದ ಕೆಂಪು ಗೆರೆ

ನಮ್ಮ ಶಾಲೆಗೆ ಬೆರಳಿನಿಂದ ಒತ್ತಿದರೆ ಕೆಲಸ ಮಾಡುವ ದೊಡ್ಡ ಟಿವಿ ಬಂದ ವರ್ಷ ಅದರ ರಿಮೋಟನ್ನು ನಾನು ಬೇರೆ ಯಾರ ಕೈಗೂ ಕೊಡಲಿಲ್ಲ. ಆಳಂದದ ಒಂದು ಉರ್ದು ಮಾಧ್ಯಮದ ಶಾಲೆ ಅದು. ನಾನು ಅಲ್ಲಿ ಕನ್ನಡ ಕಲಿಸುವವಳು. ಏಳನೆಯ ತರಗತಿಯಲ್ಲಿ ಮೂವತ್ತಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳಿದ್ದರು. ಅವರಿಗೆ ಮನೆಯಲ್ಲಿ ದಖನಿ, ಪಾಠಕ್ಕೆ ಪುಸ್ತಕದ ಉರ್ದು, ಬಜಾರಿಗೆ ಹೋದರೆ ಈ ಕಡೆಯ ಕನ್ನಡ. ನಾನು ಕಲಿಸಬೇಕಾದ ಪಠ್ಯದ ಕನ್ನಡ ಅವರಿಗೆ ನಾಲ್ಕನೆಯ ಮಾತು.

ಜೇವರ್ಗಿಯಲ್ಲಿ ನಡೆದ ತರಬೇತಿಯೊಂದರಲ್ಲಿ ನಮಗೆ ಒಂದು ಕೆಲಸ ಕಲಿಸಿದ್ದರು. ಯಾವುದಾದರೂ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕಂಪ್ಯೂಟರಿಗೆ ಹಾಕುವುದು, ಬೇಕಾದ ಜಾಗದಲ್ಲಿ ಅದನ್ನು ನಿಲ್ಲಿಸಿ ತೆರೆಯ ಮೇಲೆ ಪ್ರಶ್ನೆ ಮೂಡಿಸುವುದು, ನಾಲ್ಕು ಉತ್ತರ ಕೊಡುವುದು. ಮಗು ಸರಿ ಉತ್ತರ ಒತ್ತಿದರೆ ಹಸಿರು ಗುರುತು ಬಂದು ಗಂಟೆಯ ಸದ್ದಾಗುತ್ತದೆ. ತಪ್ಪು ಒತ್ತಿದರೆ ಕೆಂಪು ಗೆರೆ, ಜೊತೆಗೆ ‘ಟುಂಯ್’ ಎನ್ನುವ ಒಂದು ಕೆಟ್ಟ ಸದ್ದು. ಮಕ್ಕಳಿಗೆ ಕೇಳಿದ್ದು ಎಷ್ಟು ತಿಳಿಯಿತು ಎಂದು ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲವೆಂದು ನನಗೆ ಅನ್ನಿಸಿತ್ತು.

ಮೊದಲ ವಾರ ಪಠ್ಯದ ಒಂದು ಪಾಠವನ್ನು ನಾನೇ ಓದಿ ರೆಕಾರ್ಡ್ ಮಾಡಿದೆ. ‘ರೈತನು ನಸುಕಿನಲ್ಲೇ ಹೊಲಕ್ಕೆ ತೆರಳಿದನು’ ಎಂದು ದನಿ ನಿಲ್ಲುತ್ತಿತ್ತು. ‘ರೈತನು ಎಲ್ಲಿಗೆ ತೆರಳಿದನು?’ ಎಂದು ಪ್ರಶ್ನೆ ಬರುತ್ತಿತ್ತು. ಒಬ್ಬೊಬ್ಬರಾಗಿ ಬಂದು ಎಲ್ಲರೂ ‘ಹೊಲಕ್ಕೆ’ ಎಂದೇ ಒತ್ತಿದರು, ತೆರೆಯ ತುಂಬ ಹಸಿರು. ನಾನು ಹಿಗ್ಗಿ, ಮುಂದಿನ ಸಾಲಿನ ಹುಡುಗಿಯನ್ನು, “ತೆರಳಿದನು ಅಂದರೆ ಏನಮ್ಮ?” ಎಂದು ಕೇಳಿದೆ.

“ಮಾಲೂಮ ಇಲ್ರಿ ಟೀಚರ್.”

“ಮತ್ತೆ ಹೊಲಕ್ಕೆ ಅಂತ ಹೇಗೆ ಒತ್ತಿದೆ?”

“ನೀವು ಓದುವಾಗ ಆ ಮಾತಿನ ಬಾಜೂಕ ಅದೇ ಇತ್ತಲ್ರಿ, ಅದಕ್ಕ ಒತ್ತಿದೆ.”

ಹಸಿರು ಗುರುತುಗಳಿಗೆ ಅರ್ಥವಿರಲಿಲ್ಲ. ಮಕ್ಕಳಿಗೆ ಕೇಳಬೇಕು ಎನ್ನಿಸುವಂಥ ಮಾತು ಬೇಕು, ಯಾರದೋ ನಿಜವಾದ ಮಾತು, ಅಂತ ನನಗೆ ಆಗ ಹೊಳೆಯಿತು. ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ನಮ್ಮ ತರಗತಿಯ ಗೋಡೆಗೆ ಒತ್ತಿಕೊಂಡೇ ಬಿಸಿಯೂಟದ ಅಡುಗೆಮನೆ ಇತ್ತು.

ಅಡುಗೆ ಮಾಡುವವಳನ್ನು ಶಾಲೆಯಲ್ಲಿ ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವಳು. ಮಕ್ಕಳೊಂದಿಗೆ ದಖನಿ, ನನ್ನೊಂದಿಗೆ ಕನ್ನಡ. ಬಿಡುವಿನ ವೇಳೆಯಲ್ಲಿ ನಾನು ಚಹಾಕ್ಕೆ ಹೋದರೆ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಏನಾದರೊಂದು ಹೇಳುತ್ತಿದ್ದಳು. ಹೇಳುವಾಗ ಅವಳ ಕೈ, ಹುಬ್ಬು, ಭುಜ ಎಲ್ಲವೂ ಮಾತಾಡುತ್ತಿದ್ದವು. ಒಂದು ದಿನ ಅವಳು ಹೇಳಿದ ಸಂಗತಿ ಇದು.

“ಭಾಳ ವರ್ಷದ ಹಿಂದ ನಮ್ಮ ಮಾವಾಗ ಜ್ವರಾ ಬಂದಿದ್ವು ಟೀಚರ್. ದವಾಖಾನಿಗಿ ಕರಕೊಂಡು ಹೋದೆ. ಡಾಕ್ಟರು ಹೊಸಬರು, ಬೆಂಗಳೂರ ಕಡೀಂದ ಬಂದವ್ರು, ಭಾಳ ಛಲೋ ಮನಷ್ಯಾ. ಗುಳಿಗಿ ಕೊಟ್ಟು ‘ಅಮ್ಮಾ, ಇದನ್ನ ತಿಂಡಿ ಆದ್ಮೇಲೆ ಕೊಡಿ’ ಅಂದ್ರು. ಹೌದ್ರಿ ಅಂದೆ. ಮನಿಗಿ ಬಂದು ಮಾವನ ಬಾಜೂಕ ಕುಂತೆ. ತಾಸಿಗೊಮ್ಮೆ ಕೇಳೋದು, ‘ತಿಂಡಿ ಬಂತೇನ್ರಿ?’ ಅಂತ. ಅವರು ‘ಇಲ್ಲ’ ಅನ್ನೋರು. ಒಂದ ದಿನ ಆತು, ಎರಡ ದಿನ ಆತು. ಮೈ ಕೆಂಡದಂಗ ಸುಡಾಕತ್ತದ, ತಿಂಡಿ ಮಾತ್ರ ಬರವಲ್ದು! ಕಡೀಕ ನಾನ ಅವರ ಕೈ ಕೆರದು ನೋಡಿದೆ. ಅವರು ‘ಯಾಕ ಚೂರತಿ?’ ಅಂತ ಕೈ ಜಗ್ಗಿಕೊಂಡ್ರು.”

ನಮ್ಮ ಕಡೆ ತಿಂಡಿ ಎಂದರೆ ಮೈಯ ತುರಿಕೆ. ಮುಂಜಾನೆ ತಿನ್ನುವುದಕ್ಕೆ ನಾವು ನಾಷ್ಟಾ ಎನ್ನುತ್ತೇವೆ. ಆಪಾ ಎರಡು ದಿನ ಮಾವನ ಮೈಗೆ ತುರಿಕೆ ಹತ್ತಲಿ ಎಂದು ಗುಳಿಗೆ ಹಿಡಿದುಕೊಂಡು ಕಾದಿದ್ದಳು.

“ಮೂರನೇ ದಿನಾ ದವಾಖಾನ್ಯಾಗ ನರ್ಸಬಾಯಿ ಸಿಕ್ಕಳು, ಅಫಜಲಪುರದ ಕಡಿಯಾಕಿ. ‘ಅಯ್ಯ ಹುಚ್ಚಿ, ಅವರ ಮಾತಿನ್ಯಾಗ ತಿಂಡಿ ಅಂದ್ರ ನಾಷ್ಟಾ ಬೇ’ ಅಂದಳು. ಆಕೀ ನಕ್ಕಳು, ನಾನೂ ನಕ್ಕೆ. ಆ ಡಾಕ್ಟರು ಪಾಪ, ಮಾರಿ ಮಾರಿ ನೋಡಿಕೋತ ನಿಂತಿದ್ರು.”

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. “ಆಪಾ, ಇದನ್ನು ಇನ್ನೊಮ್ಮೆ ಹೇಳಿ. ರೆಕಾರ್ಡ್ ಮಾಡಿಕೊಂಡು ಮಕ್ಕಳಿಗೆ ಕೇಳಿಸುತ್ತೇನೆ” ಎಂದೆ.

“ಮಾಡ್ಕೋರಿ. ಹುಡುಗ್ರು ನಗಲಿ” ಎಂದಳು.

ಈ ಮಾತನ್ನು ನಾನು ಆಮೇಲೆ ಬಹಳ ದಿನ ನನ್ನ ರಕ್ಷಣೆಗೆ ಬಳಸಿಕೊಂಡೆ. ನಗಲಿ ಎಂದು ಅವಳೇ ಹೇಳಿದ್ದಳಲ್ಲ, ಎಂದು.

ಮರುದಿನ ಆ ಮೂರು ನಿಮಿಷದ ಮಾತಿಗೆ ನಾಲ್ಕೇ ಪ್ರಶ್ನೆ ಸೇರಿಸಿ ತರಗತಿಗೆ ಕೇಳಿಸಿದೆ. ಡಾಕ್ಟರು ಹೇಳಿದ್ದೇನು, ಆಪಾ ತಿಳಿದುಕೊಂಡಿದ್ದೇನು, ಹಾಗೇಕಾಯಿತು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ. ನಾಲ್ಕನೆಯದಕ್ಕೆ ಉತ್ತರದ ಪಟ್ಟಿ ಇರಲಿಲ್ಲ, ಮಕ್ಕಳೇ ಹೇಳಬೇಕಿತ್ತು. ‘ತೆರಳಿದನು’ ಗೊತ್ತಿಲ್ಲದ ಹುಡುಗಿ ಎದ್ದು ನಿಂತು, ಅರ್ಧ ದಖನಿ ಅರ್ಧ ಕನ್ನಡದಲ್ಲಿ, ತನ್ನ ಕಾಕಾಗೂ ಬೆಂಗಳೂರಿನಲ್ಲಿ ಹೀಗೇ ಆದ ಫಜೀತಿಯನ್ನು ಐದು ನಿಮಿಷ ಹೇಳಿದಳು. ನಾನು ಬೋರ್ಡಿನ ಮೇಲೆ ನಾಷ್ಟಾ, ತಿಂಡಿ, ಉಪಾಹಾರ ಎಂದು ಮೂರೂ ಬರೆದೆ. ಮೂರನ್ನೂ ಬರೆದುಕೊಂಡರು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಚೆನ್ನಾದ ತರಗತಿ ಮತ್ತೊಂದಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು.

ತಿಂಗಳ ಕೊನೆಗೆ ಜೇವರ್ಗಿಯಿಂದ ಸುದ್ದಿ ಬಂತು: ಎಲ್ಲರೂ ತಾವು ಮಾಡಿದ ಒಂದು ಚಟುವಟಿಕೆಯನ್ನು ತಂದು ತೋರಿಸಬೇಕು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಕನ್ನಡ ಶಿಕ್ಷಕರು ಬರುತ್ತಾರೆ, ಮೇಲಿನವರೂ ಬರುತ್ತಾರೆ. ನಾನು ಆಪಾನ ರೆಕಾರ್ಡಿಂಗನ್ನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಮತ್ತೆ ಕೇಳಿದೆ. ಈ ಸಲ ಬೇರೆಯವರ ಕಿವಿಯಿಂದ ಕೇಳಿದೆ. ‘ಬರವಲ್ದು’, ‘ಬಾಜೂಕ’, ‘ಸುಡಾಕತ್ತದ’. ಒಬ್ಬ ಕನ್ನಡ ಶಿಕ್ಷಕಿ ಇದನ್ನು ಕನ್ನಡ ಎಂದು ಮಕ್ಕಳಿಗೆ ಕೇಳಿಸುತ್ತಾಳೆಯೇ ಎಂದು ಯಾರಾದರೂ ಕೇಳಿದರೆ?

ಇಲ್ಲಿ ನನ್ನದೂ ಒಂದು ಮಾತು ಹೇಳಬೇಕು. ನಾನು ಅತನೂರಿನವಳು. ನಮ್ಮ ಮನೆಯಲ್ಲಿ ಎಲ್ಲರೂ ಆಡುವುದು ಆಪಾ ಆಡುವ ಕನ್ನಡವನ್ನೇ. ಕಾಲೇಜಿನ ಮೊದಲ ವಾರ ಮೇಷ್ಟರು ಏನೋ ಕೇಳಿದಾಗ, “ಓದಾಕತ್ತೇನ್ರಿ ಸರ್” ಎಂದೆ. ಇಡೀ ತರಗತಿ ನಕ್ಕಿತು. ಮೇಷ್ಟರೂ ನಕ್ಕರು. ಆಮೇಲೆ ಆರು ತಿಂಗಳು ನಾನು ರೇಡಿಯೊ ವಾರ್ತೆ ಹಚ್ಚಿಕೊಂಡು, ಓದುವವರ ಹಿಂದೆ ಹಿಂದೆ ಹೇಳಿಕೊಂಡು ನಾಲಿಗೆ ತಿದ್ದಿಕೊಂಡೆ. ಊರಿಗೆ ಹೋದಾಗಲೂ ಹಳೆಯ ಮಾತು ಬಾಯಿಗೆ ಬರದಂತೆ ನೋಡಿಕೊಂಡೆ. ನಕ್ಕರೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಚಟುವಟಿಕೆಗೆ ಹೊಸ ಹೆಸರು ಕೊಟ್ಟೆ: ‘ತಪ್ಪು ಹುಡುಕಿ, ಸರಿಪಡಿಸಿ’. ಆಪಾನ ಒಂದೊಂದು ವಾಕ್ಯವನ್ನೂ ತೆರೆಯ ಮೇಲೆ ಬರೆಸಿದೆ. ಮಕ್ಕಳು ತಪ್ಪು ಪದ ಒತ್ತಿದರೆ ಅದರ ಮೇಲೆ ಕೆಂಪು ಗೆರೆ ಎಳೆದು, ‘ಟುಂಯ್’ ಎಂದು, ಪಕ್ಕದಲ್ಲಿ ಶುದ್ಧರೂಪ ಮೂಡುವಂತೆ ಮಾಡಿದೆ. ಕೊನೆಯ ಪ್ರಶ್ನೆ, ‘ಈ ಮಹಿಳೆಗೆ ಡಾಕ್ಟರ ಮಾತು ಯಾಕೆ ತಿಳಿಯಲಿಲ್ಲ?’ ಅದಕ್ಕೆ ನಾನು ಸರಿ ಉತ್ತರವೆಂದು ಗುರುತು ಮಾಡಿದ್ದು, ‘ಅವಳಿಗೆ ಸರಿಯಾದ ಕನ್ನಡ ಬರುವುದಿಲ್ಲ’.

ಒಯ್ಯುವ ಮೊದಲು ಒಮ್ಮೆ ತರಗತಿಯಲ್ಲಿ ಹಚ್ಚಿ ನೋಡಿದೆ. ಮೊದಲಿಗೆ ಮಕ್ಕಳು ಯಾವ ಪದವನ್ನೂ ಒತ್ತಲಿಲ್ಲ. “ಇದರಾಗ ತಪ್ಪ ಎಲ್ಲದ್ರಿ ಟೀಚರ್?” ಎಂದು ಒಬ್ಬಳು ಕೇಳಿದಳು. ನಾನೇ ಹೋಗಿ ‘ಬರವಲ್ದು’ ಒತ್ತಿ ತೋರಿಸಿದೆ. ಕೆಂಪು ಗೆರೆ, ‘ಟುಂಯ್’. ಒಬ್ಬಿಬ್ಬರು ನಕ್ಕರು. ಆಟ ತಿಳಿದ ಮೇಲೆ ತಡೆಯುವವರಿರಲಿಲ್ಲ. ‘ಗುಳಿಗಿ’ ಟುಂಯ್, ‘ಕುಂತೆ’ ಟುಂಯ್, ‘ಕಡೀಕ’ ಟುಂಯ್. ಪ್ರತಿ ಸದ್ದಿಗೂ ತರಗತಿ ಕೇಕೆ ಹಾಕಿ ಆ ಪದವನ್ನು ಆಪಾನ ದನಿಯಲ್ಲೇ ಅಣಕಿಸಿ ಹೇಳುತ್ತಿತ್ತು. ಅವರಲ್ಲಿ ಅನೇಕರು ಮನೆಯ ಹೊರಗೆ ಅದೇ ಪದಗಳನ್ನು ಆಡುವ ಮಕ್ಕಳು.

ಗೋಡೆಯಾಚೆ ತನ್ನ ದನಿ ಕೇಳಿ ಆಪಾ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ನಗುತ್ತಾ ಬಾಗಿಲಲ್ಲಿ ನಿಂತಳು. ಮಕ್ಕಳು ತನ್ನ ಸಂಗತಿಗೆ ನಗುತ್ತಿದ್ದಾರೆ ಎಂದುಕೊಂಡಿದ್ದಳು. ನಾನು ಅವಳನ್ನು ನೋಡಿದೆ. ನಿಲ್ಲಿಸಲು ರಿಮೋಟ್ ನನ್ನ ಕೈಯಲ್ಲೇ ಇತ್ತು. ಕೊನೆಯ ಪ್ರಶ್ನೆ ತೆರೆಗೆ ಬಂತು. ಮಕ್ಕಳು ಒಟ್ಟಾಗಿ ಓದಿದರು. ಒಬ್ಬ ಓಡಿಬಂದು ಒತ್ತಿ, “ಆಕಿಗಿ ಸರಿಯಾದ ಕನ್ನಡ ಬರಂಗಿಲ್ಲ!” ಎಂದು ಕೂಗಿದ. ಹಸಿರು ಗುರುತು ಬಂತು, ಗಂಟೆ ಮೊಳಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಪಾನ ಮುಖದ ಮೇಲಿನ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

“ನಾ ಎಲ್ಲಿ ತಪ್ಪ ಮಾತಾಡೇನ್ರಿ ಟೀಚರ್?” ಎಂದು ಕೇಳಿದಳು.

“ಹಾಗಲ್ಲ ಆಪಾ. ಇದು ವ್ಯಾಕರಣದ ಪಾಠ” ಎಂದೆ.

“ಹೌದ್ರಿ” ಎಂದಳು. ಡಾಕ್ಟರಿಗೂ ಹೀಗೇ ಹೌದ್ರಿ ಅಂದಿರಬೇಕು. “ಅನ್ನಾ ಹೊತ್ತತದ, ಬರ್ತೇನ್ರಿ” ಎಂದು ಹೊರಟುಹೋದಳು. ಗಡಿಯಾರ ನೋಡಿದೆ. ಅನ್ನಕ್ಕೆ ಇಡುವ ಹೊತ್ತು ಇನ್ನೂ ಆಗಿರಲಿಲ್ಲ.

ಆಗಲಾದರೂ ನಾನು ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ಎರಡು ದಿನ ಬಿಟ್ಟು ಜೇವರ್ಗಿಗೆ ಹೋಗಿ ಅದನ್ನೇ ತೋರಿಸಿದೆ. ಅಲ್ಲಿಯೂ ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದವರೊಬ್ಬರು, “ಬಹಳ ಚೆನ್ನಾಗಿದೆ. ಈ ಹೆಂಗಸು ಯಾರು, ಎಲ್ಲಿ ಸಿಕ್ಕಳು?” ಎಂದು ಕೇಳಿದರು.

“ಯಾರೋ ಕೂಲಿ ಹೆಂಗಸು ಸರ್” ಎಂದೆ.

ಐದು ವರ್ಷದಿಂದ ದಿನಾ ಅವಳ ಕೈಯ ಚಹಾ ಕುಡಿಯುತ್ತಿದ್ದವಳು ನಾನು. ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತು ಎಂದು ಇಂದಿಗೂ ಯೋಚಿಸುತ್ತೇನೆ. ಅವರು ನನ್ನ ಚಟುವಟಿಕೆಯನ್ನು ಮಾದರಿ ಎಂದು ಆರಿಸಿದರು. ನಾನು ವಾಪಸು ಬಸ್ಸು ಹತ್ತುವ ಮೊದಲೇ ಮೂರೂ ತಾಲ್ಲೂಕುಗಳ ಶಿಕ್ಷಕರ ಗ್ರೂಪುಗಳಿಗೆ ಅದು ಹೋಗಿತ್ತು. ಫೋನಿನ ತುಂಬ ಅಭಿನಂದನೆ. ದಾರಿಯುದ್ದಕ್ಕೂ ಒಂದೊಂದನ್ನೇ ಓದಿ ಧನ್ಯವಾದ ಬರೆದೆ.

ಶಾಲೆಯಲ್ಲಿ ಆಪಾ ಎಂದಿನಂತೆ ಚಹಾ ಕೊಡುತ್ತಿದ್ದಳು. ಮಾತು ಮಾತ್ರ ನಿಂತಿತ್ತು. ಸಿಟ್ಟು ಮಾಡಿಕೊಂಡಂತೆ ಕಾಣುತ್ತಿರಲಿಲ್ಲ. ನಾನು ಏನಾದರೂ ಕೇಳಿದರೆ ತಲೆಯಾಡಿಸುವಳು, ಇಲ್ಲವೇ ಉರ್ದು ಟೀಚರ್ ಕಡೆ ತಿರುಗಿ ದಖನಿಯಲ್ಲಿ ಹೇಳುವಳು. ಅವರು ಅದನ್ನು ನನಗೆ ಕನ್ನಡದಲ್ಲಿ ಹೇಳುವರು. ಹುಟ್ಟಿದಾಗಿನಿಂದ ಕನ್ನಡ ಆಡಿದ ಹೆಂಗಸು, ಕನ್ನಡ ಟೀಚರ್ ಮುಂದೆ ಕನ್ನಡ ಆಡುವುದನ್ನು ಬಿಟ್ಟಿದ್ದಳು. ನನಗೆ ಅರ್ಥವಾಗಿತ್ತು, ಅರ್ಥವಾಗದವಳಂತೆ ನಾಲ್ಕು ವಾರ ಇದ್ದೆ.

ಐದನೆಯ ವಾರ ಒಂದು ಮಧ್ಯಾಹ್ನ ಮಕ್ಕಳು ಉಂಡು ಹೋದ ಮೇಲೆ ಅವಳೇ ಸ್ಟಾಫ್ ರೂಮಿಗೆ ಬಂದಳು. ನಾನೊಬ್ಬಳೇ ಇದ್ದೆ. ನಿಂತೇ ಮಾತಾಡಿದಳು, ಒಂದೊಂದು ಪದವನ್ನೂ ತೂಗಿ ನೋಡಿ ಇಟ್ಟಂತೆ.

“ಟೀಚರ್, ನನ್ನ ಮಗಳನ್ನ ಗೊಬ್ಬೂರಿಗಿ ಕೊಟ್ಟೇನಿ. ಆಕಿ ಮಗಳು ಅಲ್ಲೇ ಕನ್ನಡ ಸಾಲಿಗಿ ಹೋಗ್ತಾಳ. ನಿನ್ನಿ ಅವರ ಸಾಲ್ಯಾಗ ನನ್ನ ಮಾತ ಹಚ್ಚಿದ್ರಂತ. ಎಲ್ಲಾರೂ ನಕ್ಕರಂತ.”

ನಾನು ಎದ್ದು ನಿಂತೆ.

“ಅದು ನಮ್ಮ ನಾನಿ ದನಿ ಅಂತ ಆಕಿ ಯಾರ ಮುಂದೂ ಹೇಳಿಲ್ರೀ. ಮನಿಗಿ ಬಂದು ಅವ್ವನ ಮುಂದ ಅತ್ತಾಳ. ‘ನಾನಿ ನಮ್ಮ ಸಾಲಿ ಕಡಿ ಬರೋದು ಬ್ಯಾಡ, ಮಾತಾಡಿದ್ರ ಗುರ್ತ ಹಿಡೀತಾರ’ ಅಂದಾಳಂತ.”

ನನ್ನ ಬಾಯಿಂದ ಬಂದಿದ್ದು, “ತಪ್ಪಾತು ಆಪಾ. ನಂದ ತಪ್ಪಾತು.” ಎಷ್ಟೋ ವರ್ಷದ ಮೇಲೆ ನನ್ನ ಊರಿನ ಮಾತು ತಾನಾಗಿ ಬಂದಿತ್ತು. ಅವಳು ಅದನ್ನು ಗಮನಿಸಿದಳೋ ಇಲ್ಲವೋ.

“ನನಗ ಹೇಳಿ ಏನ್ ಮಾಡ್ತೀರಿ?” ಎಂದಳು. “ಅಲ್ಲಿ ಹೋಗಿ ಹೇಳ್ರಿ. ಆ ಹುಡುಗ್ರ ಮುಂದ.”

ಅವತ್ತೇ ಗ್ರೂಪುಗಳಿಗೆ ಬರೆದೆ. ಆ ದನಿ ಕೂಲಿಯ ಹೆಂಗಸಿನದಲ್ಲ, ನಮ್ಮ ಶಾಲೆಯ ಅಡುಗೆಯವರದು. ಜೇವರ್ಗಿಯಲ್ಲಿ ನಾನು ಸುಳ್ಳು ಹೇಳಿದೆ. ಅವರ ಮಾತಿನಲ್ಲಿ ತಪ್ಪಿಲ್ಲ, ತಪ್ಪೆಂದು ಗೆರೆ ಎಳೆದದ್ದು ನನ್ನ ತಪ್ಪು. ಹೀಗೆ ಬಳಸುತ್ತೇನೆಂದು ಅವರಿಗೆ ಹೇಳಿರಲಿಲ್ಲ. ದಯವಿಟ್ಟು ಎಲ್ಲರೂ ಅಳಿಸಿ. ಕೆಲವರು ಹೆಬ್ಬೆರಳಿನ ಗುರುತು ಹಾಕಿದರು. ಒಬ್ಬರು, ‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಯಾಕೆ ಮೇಡಂ’ ಎಂದು ಬರೆದರು. ಹೆಚ್ಚಿನವರು ಏನೂ ಬರೆಯಲಿಲ್ಲ.

ಆ ಶನಿವಾರ ರಜೆ ಹಾಕಿ ಗೊಬ್ಬೂರಿಗೆ ಹೋದೆ. ಅಲ್ಲಿಯ ಹೆಡ್‌ಮಾಸ್ತರರಿಗೆ ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಕೂಡಿಸಿಕೊಂಡಿದ್ದ ವಾಕ್ಯಗಳೆಲ್ಲ ಅವರೆದುರು ಕುಂತಾಗ ಮರೆತುಹೋದವು. ಅವರು ಒಳ್ಳೆಯವರು. “ಹತ್ತ ನಿಮಿಷ ತಗೋರಿ ಮೇಡಂ” ಎಂದು ಅದನ್ನು ಹಚ್ಚಿದ್ದ ಆರನೆಯ ತರಗತಿಗೆ ಕರೆದುಕೊಂಡು ಹೋದರು. ಆಪಾ ಮೊಮ್ಮಗಳ ಹೆಸರನ್ನು ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಬೆಂಚುಗಳ ಮೇಲಿದ್ದ ಹುಡುಗಿಯರಲ್ಲಿ ಅವಳು ಯಾರೋ ತಿಳಿಯದು.

ನಾನು ಮಕ್ಕಳಿಗೆ, “ನಾ ಅತನೂರಾಕಿ. ನಿಮ್ಮಂಗ ಮಾತಾಡ್ತೇನಿ” ಎಂದು ಶುರು ಮಾಡಿದೆ. ಪಾಠ ಹೇಳುವ ಕನ್ನಡ ಬಿಟ್ಟು ತರಗತಿಯೊಂದರಲ್ಲಿ ನಿಂತದ್ದು ಅದೇ ಮೊದಲು. ನಾಲಿಗೆ ಎಡವಿತು. ಮೊನ್ನೆ ನೀವು ಕೇಳಿದ್ದನ್ನು ಮಾಡಿದವಳು ನಾನು, ಆ ಆಪಾ ಆಡಿದ್ದು ಸರಿಯಾದ ಕನ್ನಡವೇ, ನಾನೇ ನಾಚಿಕೆಪಟ್ಟುಕೊಂಡು ಅದನ್ನು ತಪ್ಪೆಂದು ತೋರಿಸಿದೆ ಎಂದೆ. ಆಮೇಲೆ ಗೆರೆಯಿಲ್ಲದ, ಸದ್ದಿಲ್ಲದ ಮೊದಲಿನ ರೆಕಾರ್ಡಿಂಗನ್ನು ಫೋನಿನಿಂದ ಕೇಳಿಸಿದೆ. ಅದಕ್ಕೆ ಮಾತ್ರ ಆಪಾನ ಒಪ್ಪಿಗೆ ಪಡೆದಿದ್ದೆ. ಈ ಸಲವೂ ನಕ್ಕರು. ಕೈ ಕೆರೆದು ನೋಡಿದ ಜಾಗಕ್ಕೆ ಜೋರಾಗಿ ನಕ್ಕರು.

“ಏನಾರ ಕೇಳೋದದ ಏನು?” ಎಂದೆ.

ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, “ಆ ಮುತ್ಯಾಗ ಆರಾಮ ಆತೇನ್ರಿ?” ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಆ ಮಾತನ್ನು ನಾನು ಐವತ್ತು ಸಲವಾದರೂ ಕೇಳಿದ್ದೆ, ಸೆಕೆಂಡು ಸೆಕೆಂಡು ಕತ್ತರಿಸಿದ್ದೆ, ಪ್ರಶ್ನೆ ಮೇಲೆ ಪ್ರಶ್ನೆ ಮಾಡಿದ್ದೆ. ಆ ಮುದುಕ ಏನಾದ ಎಂದು ಒಮ್ಮೆಯೂ ಕೇಳಬೇಕೆನ್ನಿಸಿರಲಿಲ್ಲ. “ಕೇಳಿ ಹೇಳ್ತೇನಿ” ಎಂದೆ. ಹೊರಗೆ ಬರುವಾಗ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಪುಸ್ತಕದಿಂದ ತಲೆ ಎತ್ತದೆ ಕೂತಿದ್ದಳು. ಅವಳೇ ಇರಬಹುದು, ಇಲ್ಲದಿರಬಹುದು.

ಸೋಮವಾರ ಆಪಾನಿಗೆ ಹೇಳಿದೆ. ಕೊತ್ತಂಬರಿ ಸೋಸುತ್ತಾ ಕೇಳಿಸಿಕೊಂಡಳು. ಹುಡುಗನ ಪ್ರಶ್ನೆ ಹೇಳಿದಾಗ ಅವಳ ಕೈ ನಿಂತಿತು.

“ಆರಾಮಾದ್ರು. ಮತ್ತ ಎರಡ ವರ್ಷ ಇದ್ದರು” ಎಂದಳು. “ದಿನಾ ಮುಂಜಾನಿ ನಾಷ್ಟಾ ಇಟ್ಟಾಗ ‘ಕ್ಯಾ ಬಹೂ, ತಿಂಡಿ ಆಯೀ ಕ್ಯಾ?’ ಅಂತಿದ್ರು. ಏನ ಸೊಸಿ, ತಿಂಡಿ ಬಂತೇನು ಅಂತ. ಸಾಯೂ ದಿನಾನೂ ಅಂದ್ರು. ಅವರು ಹೋದ ಮ್ಯಾಲೂ ಮನ್ಯಾಗ ಎಲ್ಲಾರೂ ಅಂತಿದ್ವಿ, ಅವರ ನೆನಪಿಗಿ.” ಕೈಯನ್ನು ಸೆರಗಿಗೆ ಒರೆಸಿಕೊಂಡು, “ಈಗ ಯಾರೂ ಅನ್ನಂಗಿಲ್ಲ” ಎಂದಳು.

ನಾನು ಒಬ್ಬ ಹೆಂಗಸಿನ ಮರ್ಯಾದೆ ಕಳೆದೆ ಎಂದಷ್ಟೇ ತಿಳಿದಿದ್ದೆ. ಒಂದು ಮನೆಯವರು ಸತ್ತವರನ್ನು ನೆನೆದು ನಗುತ್ತಿದ್ದ ಮಾತನ್ನೂ ಅವರಿಂದ ಕಿತ್ತುಕೊಂಡಿದ್ದೆ. ಅವಳು ಮತ್ತೆ ಕೊತ್ತಂಬರಿಗೆ ಕೈ ಹಾಕಿದಳು. ನಾನೂ ಕೂತು ಒಂದು ಹಿಡಿ ತೆಗೆದುಕೊಂಡು ಸೋಸಿದೆ.

ಈಗಲೂ ಇಂಥ ಚಟುವಟಿಕೆಗಳನ್ನು ಮಾಡುತ್ತೇನೆ. ಯಾರ ದನಿ ಬಳಸುತ್ತೇನೋ ಅವರನ್ನು ಟಿವಿಯ ಮುಂದೆ ಕೂಡಿಸಿ, ಪ್ರಶ್ನೆಗಳ ಸಮೇತ ಪೂರ್ತಿ ಕೇಳಿಸಿ, ಬೇಡ ಎಂದರೆ ಅಳಿಸುತ್ತೇನೆ. ‘ಟುಂಯ್’ ಸದ್ದನ್ನು ತೆಗೆದುಹಾಕಿದ್ದೇನೆ. ಹಣ್ಣಿನ ಬಂಡಿಯವರು, ಬಸ್ಸಿನ ಕಂಡಕ್ಟರ್, ಜಿಡಗಾದಿಂದ ಹಾಲು ತರುವ ಹೆಂಗಸು ನನ್ನ ಮಕ್ಕಳಿಗಾಗಿ ಮಾತಾಡಿದ್ದಾರೆ. ಆಪಾನನ್ನು ಎರಡು ಸಲ ಕೇಳಿದೆ. “ಬ್ಯಾಡ್ರಿ ಟೀಚರ್” ಎಂದಳು. ಮೂರನೆಯ ಸಲ ಕೇಳುವ ಧೈರ್ಯ ಮಾಡಿಲ್ಲ. ಚಹಾಕ್ಕೆ ಹೋದರೆ ಕನ್ನಡದಲ್ಲೇ ಮಾತಾಡುತ್ತಾಳೆ, ಸಕ್ಕರೆ ಬೇಕಾ, ಮಳೆ ಬಂತಾ ಎನ್ನುವಷ್ಟು. ಅವಳ ಕೈ, ಹುಬ್ಬು ಸುಮ್ಮನೆ ಇರುತ್ತವೆ.

ಹೋದ ತಿಂಗಳು ನನಗೆ ಪರಿಚಯವಿಲ್ಲದ ಶಿಕ್ಷಕರೊಬ್ಬರು ಯಾವುದೋ ಗ್ರೂಪಿನಲ್ಲಿ ಆ ಹಳೆಯ ಫೈಲನ್ನು ಹಾಕಿದ್ದರು, ‘ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ’ ಎಂಬ ಸಾಲಿನೊಂದಿಗೆ. ಮಾಡಿದವರು ಎಂಬಲ್ಲಿ ನನ್ನ ಹೆಸರಿತ್ತು. ನಾನು ಅವರ ನಂಬರು ಹುಡುಕಿ, ಸ್ಟಾಫ್ ರೂಮಿನ ಬಾಗಿಲು ಮುಂದಕ್ಕೆ ಮಾಡಿ, ಫೋನ್ ಹಚ್ಚಿದೆ. ಅವರು ಎತ್ತಿಕೊಂಡ ಮೇಲೆ ಮೊದಲಿನಿಂದ ಹೇಳತೊಡಗಿದೆ.